ಬಲಗೆನ್ನೆಯ ಗಾಯ

ಪ್ಯಾರಿಸ್ಸಿನ ನಮ್ಮ ಸಾಂ ಜಾಕ್ ಬೀದಿಯಲ್ಲಿ ಪೆರಿನ್ ಲಕೂರಳ ಕೈ ಕುಲುಕುವವರು ಮೊದಲು ಅವಳ ಅಂಗೈ ನೋಡಿಕೊಳ್ಳುತ್ತಿದ್ದರು. ಬಲಗೈ ಮಣಿಕಟ್ಟಿನ ತನಕ ಕಪ್ಪು. ತಾಮ್ರದ ತಗಡಿನ ಮೇಲಿನ ಶಾಯಿಯನ್ನು ಹದಿನೆಂಟು ವರ್ಷ ಅದೇ ಅಂಗೈಯಿಂದ ಒರೆಸಿ ಒರೆಸಿ ಚರ್ಮದೊಳಕ್ಕೇ ಇಳಿದ ಕಪ್ಪು ಅದು. ಭಾನುವಾರ ಚರ್ಚಿಗೆ ಹೊರಡುವಾಗ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಚಿತ್ರಕಾರರು ತಗಡಿನ ಮೇಲೆ ಸೂಜಿಯಿಂದ ಗೀರಿ ತರುವ ಮುಖಗಳನ್ನು ಕಾಗದಕ್ಕೆ ಇಳಿಸಿಕೊಡುವುದು ಅವಳ ಕಸುಬು. ಗಂಡ ಸತ್ತಾಗ ಇನ್ನು ಅಚ್ಚುಮನೆಗೆ ಬೀಗ ಬೀಳುತ್ತದೆ ಎಂದು ಬೀದಿಯವರು ಕಾದರು. ಅವಳು ಅಂಗಿಯ ತೋಳು ಮಡಚಿ, ಯಂತ್ರದ ಚಕ್ರಕ್ಕೆ ಮೈಭಾರ ಹಾಕಿ ತಾನೇ ತಿರುಗಿಸಿದಳು. ಚಿತ್ರಕಾರರು ಒಂದು ತಿಂಗಳು ನಕ್ಕರು, ಆಮೇಲೆ ಬಾಯಿ ಮುಚ್ಚಿಕೊಂಡು ತಗಡುಗಳನ್ನು ಅವಳಲ್ಲಿಗೇ ತಂದರು. ಅವಳಷ್ಟು ಚೆನ್ನಾಗಿ ಮುಖ ತೆಗೆಯುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಅದು ಅವಳಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ. ಒಮ್ಮೆ ನೋಡಿದ ಮುಖವನ್ನು ತಾನು ಸತ್ತರೂ ಮರೆಯುವುದಿಲ್ಲ ಎಂದು ಬಂದವರೆದುರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದಳು. ನಾವೂ ನಂಬಿದ್ದೆವು.

ತಗಡನ್ನು ಬೆಚ್ಚಗಿಟ್ಟರೆ ಮಾತ್ರ ಶಾಯಿ ಗೆರೆಯೊಳಕ್ಕೆ ಇಳಿಯುತ್ತದೆ. ಅದಕ್ಕೆ ಅಚ್ಚುಮನೆಯಲ್ಲಿ ಬೇಸಿಗೆಯಲ್ಲೂ ಒಂದು ಇದ್ದಿಲ ಒಲೆ ಉರಿಯುತ್ತಿರಬೇಕು. ಮಂಗಳವಾರ ಬಂತೆಂದರೆ ಇದ್ದಿಲ ಮೂಟೆ ಹೊತ್ತು ಗಾಸ್ಪಾರ್ ಬರುತ್ತಿದ್ದ. ಓವೆರ್ನ್ ಬೆಟ್ಟಗಳ ಕಡೆಯ ಮನುಷ್ಯ, ಗಡ್ಡದವನು, ಮಾತು ಕಡಿಮೆ. ಬೀದಿಯ ಮೂಲೆಯಲ್ಲಿ ಅವನದೊಂದು ಅಂಗಡಿ. ಒಂದು ಪಕ್ಕ ಇದ್ದಿಲು ರಾಶಿ, ಇನ್ನೊಂದು ಪಕ್ಕ ಹೆಂಡತಿ ಮೆಲಾನಿ ವೈನ್ ಸುರಿದುಕೊಡುವ ಕಟ್ಟೆ, ಅದರ ಹಿಂದೆ ನೊಣದ ಕಲೆ ಬಿದ್ದ ಒಂದು ದೊಡ್ಡ ಕನ್ನಡಿ. ಗಾಸ್ಪಾರನ ಮುಖದಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ, ಉಳಿದದ್ದೆಲ್ಲ ಮಸಿ.

"ನಿಮ್ಮ ಮುಖಾನ ಅಚ್ಚು ಹಾಕೋಕೆ ಶಾಯೀನೇ ಬೇಡ ಗಾಸ್ಪಾರ್, ಹಾಗೇ ಒಂದು ಕಾಗದ ಒತ್ತಿದ್ರೆ ಆಯ್ತು" ಎಂದು ಪೆರಿನ್ ರೇಗಿಸುತ್ತಿದ್ದಳು.

"ಒತ್ತಿ ಮದಾಂ, ಮೆಲಾನಿ ಇಟ್ಕೋತಾಳೆ. ನಂದೊಂದು ಫೋಟೋನೂ ಇಲ್ಲ ಅಂತ ದಿನಾ ತಲೆ ತಿಂತಾಳೆ" ಎನ್ನುತ್ತಿದ್ದ ಅವನು.

ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಸಾವಿರದ ಎಂಟುನೂರ ಎಪ್ಪತ್ತೊಂದರ ಆ ಹಾಳು ವಸಂತ ಬಂತು.

ಆ ವರ್ಷ ಪ್ಯಾರಿಸ್ಸಿನ ದುಡಿಯುವ ಜನ ಎರಡು ತಿಂಗಳು ಊರನ್ನು ತಾವೇ ಆಳಿದರು. ಮೇ ತಿಂಗಳ ಕೊನೆಗೆ ವರ್ಸೇಲ್ಸಿನಿಂದ ಸರ್ಕಾರದ ಸೈನ್ಯ ಬಂದು ಬೀದಿ ಬೀದಿಯಲ್ಲಿ ಕೊಂದು ಊರನ್ನು ವಾಪಸ್ ಕಿತ್ತುಕೊಂಡಿತು. ಪೆರಿನ್‌ಗೆ ಒಬ್ಬನೇ ತಮ್ಮ, ತಿಬೋ ಮಾರ್ಷೆ. ಕುದುರೆ ಲಾಳ ಕಟ್ಟುತ್ತಿದ್ದವನು ಆ ಎರಡು ತಿಂಗಳಲ್ಲಿ ದುಡಿಯುವ ಜನರ ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದ. ಸಿಕ್ಕಿದ ಕ್ಯಾಪ್ಟನ್‌ಗಳನ್ನೆಲ್ಲ ಹತ್ತಿರದ ದೊಡ್ಡ ತೋಟದ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಿದ್ದರು. ಜೂನ್ ಬಂದರೂ ಆ ಸದ್ದು ನಿಂತಿರಲಿಲ್ಲ. ರೊಟ್ಟಿ ಕೊಳ್ಳಲು ಸಾಲು ನಿಂತ ಹೆಂಗಸರು ಸದ್ದು ಬಂದಾಗೊಮ್ಮೆ ಮಾತು ನಿಲ್ಲಿಸಿ, ಅದು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

ತಿಬೋ ಅಚ್ಚುಮನೆಯ ಅಟ್ಟದಲ್ಲಿ, ಒಣಗಲು ಹಾಕಿದ ಕಾಗದಗಳ ಹಿಂದೆ ಅಡಗಿದ್ದ. ಅವನಿಗೆ ಕೆಮ್ಮು. ಬಾಯಿಗೆ ಕಂಬಳಿ ತುಂಬಿಕೊಂಡು ಕೆಮ್ಮುತ್ತಿದ್ದ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು ಪೆರಿನ್. ಮಂಗಳವಾರ ಗಾಸ್ಪಾರ್ ಮೂಟೆ ಇಳಿಸಿ, ಕಿಸೆಯಿಂದ ಒಂದು ಸಣ್ಣ ಬಾಟಲಿ ತೆಗೆದು ಒಲೆಯ ಪಕ್ಕ ಇಟ್ಟ.

"ನಮ್ಮೂರ ಜೇನುತುಪ್ಪ. ಮೇಲಿರೋರಿಗೆ ಕೊಡಿ ಮದಾಂ. ಕೆಮ್ಮು ಬೀದಿಗೆ ಕೇಳ್ಸುತ್ತೆ."

ಪೆರಿನ್ ಹೋಗಿ ಬೀದಿಬಾಗಿಲು ಮುಚ್ಚಿದಳು. ಅವನು ಹೆದರಿಸಲು ಬಂದಿರಲಿಲ್ಲ. ತನ್ನ ಚಿಕ್ಕಪ್ಪನ ಮಗನ ಇದ್ದಿಲ ದೋಣಿ ಮುಂದಿನ ವಾರ ಗುರುವಾರ ಬೆಳಿಗ್ಗೆ ಖಾಲಿಯಾಗಿ ಸೇನ್ ನದಿಯಲ್ಲಿ ಮೇಲಕ್ಕೆ ಹೊರಡುತ್ತದೆ, ಮುಖಕ್ಕೆ ಮಸಿ ಬಳಿದು ಕೂಲಿಯವನ ಹಾಗೆ ಕಳಿಸಿದರೆ ಆಯಿತು, ಇದ್ದಿಲವನ ಮುಖ ಯಾರು ನೋಡುತ್ತಾರೆ ಎಂದ. ಅಷ್ಟೇ ಹೇಳಿ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ಸೋಮವಾರ ಒಬ್ಬ ಎಳೆಯ ಲೆಫ್ಟಿನೆಂಟ್ ನಾಲ್ವರು ಸಿಪಾಯಿಗಳೊಂದಿಗೆ ಅಚ್ಚುಮನೆಗೆ ಬಂದ. ಹಳ್ಳಿ ಕಡೆಯವನು, ಮರ್ಯಾದಸ್ಥ. ಒಳಗೆ ಬಂದವನು ಟೋಪಿ ತೆಗೆದ. ಪೆರಿನ್‌ಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಅವನು ಕರವಸ್ತ್ರದಲ್ಲಿ ಸುತ್ತಿದ ಒಂದು ತಾಮ್ರದ ತಗಡು ತೆಗೆದು ಮೇಜಿನ ಮೇಲಿಟ್ಟ. ಹೋರಾಟದಲ್ಲಿ ಸತ್ತ ರುವೆಲ್ ಎಂಬ ಚಿತ್ರಕಾರನ ಕೋಣೆಯಲ್ಲಿ ಸಿಕ್ಕಿದ್ದಂತೆ. ಹಿಂಬದಿಯಲ್ಲಿ 'ಕ್ಯಾಪ್ಟನ್ ತಿಬೋ' ಎಂದು ಗೀರಿತ್ತು. ಈ ಕ್ಯಾಪ್ಟನ್‌ನ ಒಂದು ಫೋಟೋ ಕೂಡ ಎಲ್ಲೂ ಇಲ್ಲ, ಕೆನ್ನೆಯ ಮೇಲೊಂದು ಗಾಯ ಇದೆ ಎಂದಷ್ಟೇ ಗೊತ್ತು, ನಾಳೆ ಸಂಜೆಯೊಳಗೆ ನಲವತ್ತು ಪ್ರತಿ ಬೇಕು, ಊರ ಬಾಗಿಲುಗಳಿಗೆ, ನದಿಯ ಕಟ್ಟೆಗಳಿಗೆ ಹಂಚಬೇಕು ಎಂದ. ಅವಳು ಯಾರ ಅಕ್ಕ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಅವಳು ವಿಧವೆ ಲಕೂರ್, ಬೀದಿಯಲ್ಲೇ ಒಳ್ಳೆಯ ಅಚ್ಚಿನವಳು, ಅಷ್ಟೇ.

ಪೆರಿನ್ ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರುವೆಲ್ ಕುಡುಕ, ಆದರೆ ಅವನ ಕೈ ಕುಡಿದಿರುತ್ತಿರಲಿಲ್ಲ. ಎಲ್ಲೋ ಒಂದು ವೈನ್ ಕಟ್ಟೆಯಲ್ಲಿ ಕೂತು, ಎದುರಿಗಿದ್ದ ತಿಬೋನನ್ನು ನೋಡುತ್ತ ತಾಮ್ರದ ಮೇಲೆ ನೇರವಾಗಿ ಗೀಚಿ ಎಸೆದಿದ್ದ. ಗಡ್ಡ ಎಂದರೆ ಒಂದು ಸಿಕ್ಕು, ಕೂದಲು ಎಂದರೆ ನಾಲ್ಕು ಗೀರು, ಕಣ್ಣಿನ ಜಾಗದಲ್ಲಿ ಸೂಜಿ ಎರಡೆರಡು ಸಲ ಸುತ್ತಿ ಹೋಗಿದೆ. ಆದರೂ ಅದು ಅವಳ ತಮ್ಮನೇ. ಎಡಗೆನ್ನೆಯ ಮೇಲೆ, ಕುದುರೆ ಒದ್ದ ಗಾಯ. ಮೇಲೆ ಅಟ್ಟದಲ್ಲಿ ಹಲಗೆಯೊಂದು ಕಿರ್ ಎಂದಿತು. ಇಲಿ ಕಾಟ ಎಂದಳು ಪೆರಿನ್. ಲೆಫ್ಟಿನೆಂಟ್ ತನ್ನ ಊರಿನಲ್ಲೂ ಇಲಿ ಬಹಳ ಎಂದು ಹೇಳಿ, ಒಬ್ಬ ಸಿಪಾಯಿಯನ್ನು ಬಾಗಿಲಲ್ಲಿ ಬಿಟ್ಟು ಹೊರಟ.

ತಗಡು ಹಾಳು ಮಾಡಬೇಕೆಂದೇ ಅವಳು ಒಲೆಯ ಹತ್ತಿರ ಹೋದದ್ದು. ಶಾಯಿ ಹೆಚ್ಚು ಬಿಟ್ಟರೆ ಮುಖ ಕತ್ತಲಾಗುತ್ತದೆ, ಅಂಗೈ ಜೋರಾಗಿ ಒತ್ತಿದರೆ ಇಂಥ ತೆಳು ಗೀರುಗಳು ಹತ್ತು ಪ್ರತಿಗೇ ಸವೆದುಹೋಗುತ್ತವೆ. ಯಾರೂ ಅವಳನ್ನು ಬಯ್ಯುವಂತಿಲ್ಲ. ಒದ್ದೆ ಕಾಗದ ಹಾಸಿ, ಕಂಬಳಿ ಹೊದಿಸಿ, ಚಕ್ರ ತಿರುಗಿಸಿ ಮೊದಲ ಪ್ರತಿಯನ್ನು ಎಬ್ಬಿಸಿದಳು.

ಅದು ತಿಬೋ ಆಗಿರಲಿಲ್ಲ.

ತಗಡಿನ ಎಡ ಕಾಗದದ ಬಲ. ಅಚ್ಚಿನವರಿಗೆ ಇದು ಉಸಿರಾಡಿದಷ್ಟು ಸಹಜ. ನಾಜೂಕಿನ ಚಿತ್ರಕಾರರು ಅದಕ್ಕೇ ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು, ಕನ್ನಡಿಯೊಳಗಿನ ಮುಖವನ್ನು ನೋಡಿ ತಿರುಗುಮುರುಗಾಗಿ ಗೀರುತ್ತಾರೆ. ರುವೆಲ್ ಯಾವ ಕಾಲಕ್ಕೂ ಆ ಗೋಜಿಗೆ ಹೋದವನಲ್ಲ. ಹೆದರಿಕೆಯಲ್ಲಿ ಪೆರಿನ್‌ಗೇ ಅದು ಮರೆತುಹೋಗಿತ್ತು. ಈಗ ಕಾಗದದ ಮೇಲೆ ಗಾಯ ಬಲಗೆನ್ನೆಗೆ ಬಂದಿದೆ, ಬೈತಲೆ ಆ ಕಡೆಗೆ ಹೋಗಿದೆ, ಸೊಟ್ಟ ಮೂಗು ಈ ಕಡೆಗೆ ತಿರುಗಿದೆ. ಗಡ್ಡದ ಯಾವನೋ ಒಬ್ಬ. ಲೆಫ್ಟಿನೆಂಟ್‌ಗೆ ಇದು ಗೊತ್ತಾಗುವುದಿಲ್ಲ. ಅವಳಿಗೆ ನಗು ಬಂತು. ಬಾಗಿಲಲ್ಲಿದ್ದ ಸಿಪಾಯಿ ತಿರುಗಿ ನೋಡಿದಾಗ ಕೆಮ್ಮಿದಂತೆ ಮಾಡಿದಳು.

ತಗಡು ಹಾಳು ಮಾಡುವ ಯೋಚನೆ ಅಲ್ಲಿಗೇ ಬಿಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಅವಳು ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಗಾಯದ ಸುತ್ತ ತಗಡನ್ನು ಮತ್ತೆ ಮತ್ತೆ ಒರೆಸಿದಳು. ಸುತ್ತ ಬೆಳ್ಳಗೆ, ನಡುವೆ ಗಾಯ ಕಪ್ಪಗೆ ಎದ್ದು ಕಾಣಬೇಕು. ಹುಡುಕಲಿ, ಬಲಗೆನ್ನೆಯಲ್ಲಿ ಗಾಯ ಇರುವವನನ್ನು ಊರೆಲ್ಲ ಹುಡುಕಲಿ. ನಲವತ್ತು ಪ್ರತಿಗಳಲ್ಲೂ ಆ ಗಾಯ ಹೊಸದಾಗಿ ಸೀಳಿದಂತೆ ಬಂತು. ತನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸ ಅವಳು ಮಾಡಿರಲಿಲ್ಲ. ಮಂಗಳವಾರ ಗಾಸ್ಪಾರ್ ಇದ್ದಿಲು ತಂದಾಗ ಪ್ರತಿಗಳು ಒಣಗಲು ಹಾಕಿದ್ದವು. ಸಿಪಾಯಿ ಇದ್ದದ್ದರಿಂದ ಅವನು ಏನೂ ಮಾತಾಡಲಿಲ್ಲ. ಮೂಟೆ ಇಳಿಸಿ, ಗುರುವಾರಕ್ಕೆ ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸಿ ಹೋದ. ಪೆರಿನ್ ಅವನ ಮುಖ ನೋಡಿದಳು. ಮಸಿ, ಎರಡು ಕಣ್ಣು.

ಸಂಜೆ ಸಿಪಾಯಿ ಪ್ರತಿಗಳನ್ನು ಕಟ್ಟಿಕೊಂಡು ಹೋದ, ತಗಡು ಅಚ್ಚುಮನೆಯಲ್ಲೇ ಉಳಿಯಿತು. ಬುಧವಾರ ಮಧ್ಯಾಹ್ನ ಕರೆ ಬಂತು. ಅದೇ ಲೆಫ್ಟಿನೆಂಟ್, ನದಿಯ ಹತ್ತಿರದ ಠಾಣೆಯಲ್ಲಿ ಕೂತಿದ್ದ. ಖುಷಿಯಾಗಿದ್ದ, ಜೊತೆಗೆ ಏನೋ ಕಸಿವಿಸಿ. ತಪ್ಪಿಸಿಕೊಳ್ಳುವವರು ಮುಖಕ್ಕೆ ಮಸಿ ಬಳಿದುಕೊಳ್ಳುತ್ತಾರೆಂದು ಯಾರೋ ಸುಳಿವು ಕೊಟ್ಟಿದ್ದರು. ಅದಕ್ಕೇ ಅವನು ನದಿಯ ಕಟ್ಟೆಯ ಮೇಲಿನ ಇದ್ದಿಲ ಕೂಲಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಕೆಟ್ಟಿನಲ್ಲಿ ನೀರು ತರಿಸಿ ಮುಖ ತೊಳೆಸಿದ್ದ. ಒಬ್ಬ ಸಿಕ್ಕಿದ್ದಾನೆ. ತಾನು ಇದ್ದಿಲು ಮಾರುವವನು ಎನ್ನುತ್ತಾನೆ, ಹೊರಗೆ ಹೆಂಡತಿ ಎನ್ನುವವಳು ಕೂಗಾಡುತ್ತಿದ್ದಾಳೆ. ಹಿಡಿದವರೆಲ್ಲರೂ ಹೀಗೇ ಹೇಳುವುದು. ಆದರೂ ಗುಂಡು ಹೊಡೆಸುವ ಮೊದಲು, ಚಿತ್ರಗಳ ಕಸುಬಿನ ಕಣ್ಣೊಂದು ಹೋಲಿಸಿ ನೋಡಲಿ ಎಂದು ಕರೆಸಿದೆ ಎಂದ.

ಗೋಡೆಗೆ ಒರಗಿ ಗಾಸ್ಪಾರ್ ನಿಂತಿದ್ದ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಬಲಗೆನ್ನೆಯ ಮೇಲೆ, ಯಾವ ಕಾಲದಲ್ಲೋ ಮೂಟೆಯ ಕೊಕ್ಕೆ ಸೀಳಿದ್ದ ಒಂದು ಉದ್ದ ಗಾಯ.

ಹನ್ನೊಂದು ವರ್ಷ. ವಾರಕ್ಕೊಮ್ಮೆ. ಮುಖ ಮರೆಯದ ಪೆರಿನ್ ಆ ಗಾಯವನ್ನು ಅವತ್ತೇ ಮೊದಲು ನೋಡಿದ್ದು.

ಅವನು ಅವಳನ್ನು ನೋಡಿದ್ದೇ ತಡ, ಹೆಗಲು ಸಡಿಲಾಯಿತು. ಸದ್ಯ, ಗೊತ್ತಿರುವವರು ಬಂದರು ಎಂಬಂತೆ.

"ಮದಾಂ, ನೀವೇ ಹೇಳಿ. ನಾ ಹೇಳಿದ್ರೆ ನಂಬ್ತಾ ಇಲ್ಲ ಇವ್ರು."

ಹೇಳಬೇಕಾದ್ದು ಎರಡೇ ಮಾತು. ಸ್ವಾಮಿ, ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ನೀವು ಹುಡುಕುವವನ ಗಾಯ ಎಡಗೆನ್ನೆಯಲ್ಲಿದೆ. ಹೇಳಿದರೆ ಗಾಸ್ಪಾರ್ ಮನೆಗೆ ಹೋಗುತ್ತಾನೆ. ಹೇಳಿದರೆ ನಾಳೆ ಬೆಳಿಗ್ಗೆಯೂ ಕಟ್ಟೆಯ ಮೇಲೆ ಬಕೆಟ್ಟು ಇರುತ್ತದೆ, ಎಡಗೆನ್ನೆ ನೋಡುತ್ತಾರೆ, ತಿಬೋನ ಮುಖದ ಮಸಿ ತೊಳೆಯುತ್ತಾರೆ. ಹೇಳದಿದ್ದರೆ ಕ್ಯಾಪ್ಟನ್ ಸಿಕ್ಕಿದ ಎಂದು ಬಕೆಟ್ಟು ಎತ್ತುತ್ತಾರೆ. ಮೇಜಿನ ಮೇಲೆ ಅವಳದೇ ಅಚ್ಚು ಬಿದ್ದಿತ್ತು. ಅವಳು ಗಾಸ್ಪಾರನ ಕಣ್ಣು ತಪ್ಪಿಸಿ ಅಚ್ಚು ನೋಡಿದಳು, ಗಾಯ ನೋಡಿದಳು, ಮತ್ತೆ ಅಚ್ಚು ನೋಡಿದಳು.

"ಹೇಳಿ ಮದಾಂ. ಇವನೇನಾ?" ಎಂದ ಲೆಫ್ಟಿನೆಂಟ್.

"ಗಾಯ ಅದೇ ಕಡೆ ಇದೆ ಸ್ವಾಮಿ" ಎಂದಳು ಪೆರಿನ್.

ಸುಳ್ಳಲ್ಲ. ಒಂದು ಅಕ್ಷರವೂ ಸುಳ್ಳಲ್ಲ. ಆಮೇಲಿನ ವರ್ಷಗಳಲ್ಲಿ ಇದನ್ನೇ ಅವಳು ತನಗೆ ತಾನೇ ಹೇಳಿಕೊಂಡದ್ದು. ಕೇಳಿಸಿಕೊಂಡವರಿಗೆ ಮೈ ಉರಿಯುವ ಮಾತು.

ಗಾಸ್ಪಾರನಿಗೆ ಅರ್ಥವಾಯಿತು. ಅವನು ಮಂದ ಮನುಷ್ಯನಾಗಿರಲಿಲ್ಲ. ನಿಜವಾದ ಕ್ಯಾಪ್ಟನ್ ಇವಳ ಅಟ್ಟದಲ್ಲಿದ್ದಾನೆ ಎಂದು ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು, ಅರ್ಧ ಗಂಟೆಯಲ್ಲಿ ಇಬ್ಬರೂ ಅವನ ಜಾಗದಲ್ಲಿ ನಿಂತಿರುತ್ತಿದ್ದರು. ಅವನು ಬಾಯಿ ತೆರೆದ. ಪೆರಿನ್ ಅಚ್ಚಿನಿಂದ ಕಣ್ಣೆತ್ತಲಿಲ್ಲ. ಅವನು ಬಾಯಿ ಮುಚ್ಚಿದ. ಸಿಪಾಯಿಗಳು ಕರೆದುಕೊಂಡು ಹೋಗುವಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಮನೆ ತಲುಪುವ ಮೊದಲೇ ತೋಟದ ಕಡೆಯಿಂದ ಸದ್ದು ಬಂತು. ರೊಟ್ಟಿಯ ಸಾಲಿನ ಹೆಂಗಸರು ಮಾತು ನಿಲ್ಲಿಸಿ ಮತ್ತೆ ಮುಂದುವರಿಸಿದರು.

ಗುರುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಬಕೆಟ್ಟು ಇರಲಿಲ್ಲ. ತಿಬೋ ದೋಣಿಯಲ್ಲಿ ಹೋದ. ಗಾಸ್ಪಾರ್ ಯಾಕೆ ಬರಲಿಲ್ಲ ಎಂದು ಹೊರಡುವಾಗ ಅವನು ಕೇಳಿದ್ದಕ್ಕೆ, ಮೈ ಸರಿಯಿಲ್ಲವಂತೆ ಎಂದಳು ಪೆರಿನ್.

ಮೂರು ವಾರ ಕಳೆದು ಮೆಲಾನಿ ಅಚ್ಚುಮನೆಗೆ ಬಂದಳು. ಅಳಲಿಲ್ಲ, ಕೂರಲಿಲ್ಲ. ಠಾಣೆಯ ಬಾಗಿಲಲ್ಲಿ ಅಂಟಿಸಿದ್ದ ಚಿತ್ರ ನೋಡಿದ್ದಳಂತೆ. ಅವಳ ಲೆಕ್ಕಾಚಾರ ಬೇರೆಯೇ ಇತ್ತು. ರುವೆಲ್ ತಮ್ಮ ಅಂಗಡಿಯಲ್ಲೇ ಬಿದ್ದಿರುತ್ತಿದ್ದವನು, ಗಾಸ್ಪಾರನನ್ನೇ ನೋಡಿ ಬರೆದಿದ್ದಾನೆ, ದಂಡಿನವರು ಅದಕ್ಕೆ ಕ್ಯಾಪ್ಟನ್ ಹೆಸರು ಹಚ್ಚಿ ಅನ್ಯಾಯ ಮಾಡಿದರು ಎಂದು.

"ಒಂದು ಫೋಟೋನೂ ಇಲ್ಲ ಮದಾಂ ಅವ್ರದು. ನೀವೇ ಅಚ್ಚು ಹಾಕಿದ್ದಂತೆ. ಒಂದು ಉಳಿದಿದ್ರೆ ಕೊಡಿ. ಕಣ್ಣು ಥೇಟ್ ಅವ್ರದೇ."

ಅಂಥ ಗೀಚು ಗೆರೆಗಳಲ್ಲಿ ನಾವು ಯಾರನ್ನು ಬೇಕಾದರೂ ಕಾಣಬಹುದು. ಪೆರಿನ್ ತಗಡು ಬೆಚ್ಚಗೆ ಮಾಡಿ ಒಂದು ಪ್ರತಿ ತೆಗೆದುಕೊಟ್ಟಳು. ನಲವತ್ತು ಪ್ರತಿ ಕೊಟ್ಟು ಸವೆದಿದ್ದ ತಗಡು, ಅಚ್ಚು ಮಸುಕಾಗಿ ಬಂತು. ಗಾಯ ಮಾತ್ರ ಮಸುಕಾಗಿರಲಿಲ್ಲ. ಮೆಲಾನಿ ಅದನ್ನು ಕಟ್ಟು ಹಾಕಿಸಿ, ವೈನ್ ಕಟ್ಟೆಯ ಪಕ್ಕದ ಗೋಡೆಗೆ ತೂಗುಹಾಕಿ, ಮೂಲೆಗೆ ಕಪ್ಪು ಪಟ್ಟಿ ಸಿಕ್ಕಿಸಿದಳು. ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅದರ ಗಾಜು ಒರೆಸಿ, ಕೆಳಗೊಂದು ದೀಪ ಹಚ್ಚುತ್ತಿದ್ದಳು. ಪೆರಿನ್ ಬೇರೆ ಕಡೆಯಿಂದ ಇದ್ದಿಲು ತರಿಸತೊಡಗಿದಳು. ಆ ಮೂಲೆಯನ್ನು ಹಾಯದೆ ಮಾರುಕಟ್ಟೆಗೆ ಹೋಗಲು ಅವಳಿಗೆ ಕಾಲು ಗಂಟೆ ಹೆಚ್ಚು ಹಿಡಿಯುತ್ತಿತ್ತು. ಒಂಬತ್ತು ವರ್ಷ ಹಾಗೇ ಸುತ್ತಿಕೊಂಡು ಹೋದಳು.

ಒಂಬತ್ತನೇ ವರ್ಷ ಸರ್ಕಾರ ಆ ಹೋರಾಟದಲ್ಲಿದ್ದ ಎಲ್ಲರಿಗೂ ಕ್ಷಮೆ ಕೊಟ್ಟಿತು. ತಲೆಮರೆಸಿಕೊಂಡಿದ್ದ ಜಿನೀವಾದಿಂದ ತಿಬೋ ಬಂದಿಳಿದ. ಹೊಟ್ಟೆ ಬಂದಿತ್ತು, ಗಡ್ಡ ಹಾಗೇ ಇತ್ತು, ಗಂಟಲು ಮೊದಲಿಗಿಂತ ದೊಡ್ಡದಾಗಿತ್ತು. ಗಾಸ್ಪಾರ್ ಆ ದಿನಗಳಲ್ಲೇ ತೀರಿಕೊಂಡ ಎಂದು ಅಕ್ಕ ಪತ್ರದಲ್ಲಿ ಬರೆದಿದ್ದಳು, ಹೇಗೆಂದು ಬರೆದಿರಲಿಲ್ಲ. ಅವನ ಹೆಂಡತಿಯ ಕೈಯಲ್ಲಿ ಒಂದು ಲೋಟ ವೈನ್ ಕುಡಿದು ಕೃತಜ್ಞತೆ ಹೇಳಿ ಬರಬೇಕೆಂದು ತಿಬೋ ಹಟ ಹಿಡಿದ. ಅಂಗಡಿ ಮುಚ್ಚಿರುತ್ತದೆ ಎಂದಳು ಪೆರಿನ್, ಇನ್ನೊಂದು ದಿನ ಎಂದಳು, ತಲೆನೋವು ಎಂದಳು.

"ಏನಕ್ಕಾ ನೀನು, ಜೀವ ಉಳಿಸಿದ ಮನುಷ್ಯನ ಮನೆಗೆ ಹೋಗೋಕೂ ಮುಹೂರ್ತ ನೋಡ್ಬೇಕಾ?" ಎಂದು ಅವನು ಅವಳ ತೋಳು ಹಿಡಿದು ಎಳೆದುಕೊಂಡೇ ಹೋದ.

ನಡು ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ತಿಬೋ ಟೋಪಿ ತೆಗೆದು ಕಟ್ಟೆಗೆ ಮೊಣಕೈ ಊರಿ, ತಾನು ಯಾರು, ದೋಣಿ ಗೊತ್ತು ಮಾಡಿಕೊಟ್ಟವರು ಯಾರು ಎಂಬುದನ್ನೆಲ್ಲ ಜೋರಾಗಿ ಹೇಳಿದ. ಮೆಲಾನಿ ಕೇಳಿಸಿಕೊಳ್ಳುತ್ತ, ಲೋಟ ಇಟ್ಟು, ಬಾಟಲಿ ತೆಗೆಯಲೆಂದು ಹಿಂದಕ್ಕೆ ತಿರುಗಿದಳು. ಎದುರಿಗೆ ಆ ದೊಡ್ಡ ಕನ್ನಡಿ. ಕನ್ನಡಿಯೊಳಗೆ ತಿಬೋನ ಮುಖ, ಬಲಗೆನ್ನೆಯಲ್ಲಿ ಗಾಯ, ಆ ಕಡೆಗೆ ತೆಗೆದ ಬೈತಲೆ, ಈ ಕಡೆಗೆ ತಿರುಗಿದ ಸೊಟ್ಟ ಮೂಗು.

ಅವಳ ಕೈ ಬಾಟಲಿಯ ಮೇಲೇ ನಿಂತಿತು. ಗೋಡೆಯ ಮೇಲಿನ ಚಿತ್ರ ನೋಡಿದಳು. ಕನ್ನಡಿ ನೋಡಿದಳು. ಮತ್ತೆ ಚಿತ್ರ. ತಿಬೋ ಇನ್ನೂ ಜಿನೀವಾದ ಚಳಿಯ ಬಗ್ಗೆ ಹೇಳುತ್ತಲೇ ಇದ್ದ. ಬಾಗಿಲ ಹತ್ತಿರ ನಿಂತಿದ್ದ ಪೆರಿನ್‌ಗೆ ಓಡಿಹೋಗಬೇಕೆನಿಸಿತು.

ಮೆಲಾನಿ ಈ ಕಡೆ ತಿರುಗಿ ತಿಬೋನ ಲೋಟ ತುಂಬಿಸಿದಳು. ಒಂದು ಹನಿ ಚೆಲ್ಲಲಿಲ್ಲ.

"ಅವತ್ತು ಠಾಣೆಗೆ ನಿಮ್ಮನ್ನ ಕರೆಸಿದ್ರು ಮದಾಂ. ನಾ ಹೊರಗೇ ನಿಂತಿದ್ದೆ, ನೀವು ಒಳಗೆ ಹೋಗೋದು ನೋಡ್ದೆ. ನಂಗೆ ಸಮಾಧಾನ ಆಗಿತ್ತು, ನೀವಿದೀರಲ್ಲ ಅಂತ. ಏನು ಹೇಳಿದ್ರಿ ನೀವು?"

ಒಂಬತ್ತು ವರ್ಷ ಯಾರೂ ಕೇಳಿರಲಿಲ್ಲ.

"ಗಾಯ ಅದೇ ಕಡೆ ಇದೆ ಅಂದೆ" ಎಂದಳು ಪೆರಿನ್.

ತಿಬೋ ಮಾತು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಗೋಡೆಯ ಚಿತ್ರದತ್ತ ನೋಡಿದ. ಲೋಟವನ್ನು ಮುಟ್ಟದೆ ಹಾಗೇ ದೂರ ಸರಿಸಿದ.

ಮೆಲಾನಿ ಬಯ್ಯುತ್ತಾಳೆ, ಉಗಿಯುತ್ತಾಳೆ, ಬಾಟಲಿ ಎತ್ತಿ ತಲೆಗೆ ಹಾಕುತ್ತಾಳೆ ಎಂದು ಪೆರಿನ್ ಕಾದಳು. ಅದಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮೆಲಾನಿ ಕಪ್ಪು ಪಟ್ಟಿ ತೆಗೆದು ಮಡಚಿ ಕಿಸೆಗೆ ಹಾಕಿಕೊಂಡಳು. ಚಿತ್ರವನ್ನು ಮೊಳೆಯಿಂದ ಇಳಿಸಿ, ಅಭ್ಯಾಸಬಲದಿಂದ ಗಾಜು ಒರೆಸಿ, ಪೆರಿನ್‌ಳ ಕೈಗೆ ಕೊಟ್ಟಳು.

"ತಗೊಂಡ್ಹೋಗಿ. ಇವ್ರು ನಿಮ್ಮೋರು. ಒಂಬತ್ತು ವರ್ಷ ದಿನಾ ಇದನ್ನೇ ನೋಡಿ ನೋಡಿ ನಮ್ಮನೆಯೋರ ಮುಖ ಹೇಗಿತ್ತು ಅನ್ನೋದೇ ನಂಗೆ ಮರ್ತುಹೋಗಿದೆ. ಕಣ್ಣು ಮುಚ್ಚಿದ್ರೆ ಇವ್ರೇ ಬರ್ತಾರೆ." ಅವಳು ಎರಡೂ ಕೈ ಕಟ್ಟೆಗೆ ಊರಿದಳು. "ನೀವು ಮುಖ ಮರೆಯೋರಲ್ಲ ಅಂತಿದ್ರಲ್ಲ. ಕೊನೇಲಿ ನೋಡಿದ್ದೂ ನೀವೇ. ಹೇಳಿ ಮದಾಂ, ಹೇಗಿದ್ರು ಅವ್ರು?"

ಪೆರಿನ್ ಬಾಯಿ ತೆರೆದಳು. ನೆನಪಿಗೆ ಬಂದದ್ದು ಮಸಿ, ಒಲೆಯ ಪಕ್ಕ ಇಟ್ಟ ಜೇನಿನ ಬಾಟಲಿ, ಗಡ್ಡದಿಂದ ತೊಟ್ಟಿಕ್ಕುತ್ತಿದ್ದ ನೀರು, ಆ ಗಾಯ. ಅವತ್ತು ಠಾಣೆಯಲ್ಲಿ ತೊಳೆದ ಮುಖ ಎದುರಿಗೇ ಇದ್ದಾಗ ಅವಳು ಗಾಯವೊಂದನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಮೆಲಾನಿ ಕಟ್ಟೆಯ ಹಿಂದೆ ನಿಂತು ಉತ್ತರಕ್ಕೆ ಕಾಯುತ್ತಿದ್ದಳು.